ಕೆಲೆಮೆನಿ ಮಾವನ ಭಾನುವಾರ

ನನ್ನ ಸೋದರಮಾವ ಕೆಲೆಮೆನಿಯಂಥ ಹಟಮಾರಿ ಇಡೀ ಟೊಕೆಲಾವ್ ದ್ವೀಪಗಳಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ನಮ್ಮ ದ್ವೀಪಕ್ಕೆ ಬಂದರಿಲ್ಲ, ವಿಮಾನ ಇಳಿಯುವಷ್ಟು ನೆಲವೂ ಇಲ್ಲ. ದೂರದ ಅಪಿಯಾ ಪಟ್ಟಣದಿಂದ ಹದಿನೈದು ದಿನಕ್ಕೊಮ್ಮೆ ಬರುವ ಹಡಗು ಹವಳದ ಬಂಡೆಸಾಲಿನ ಆಚೆಯೇ ತೇಲುತ್ತಿರುತ್ತದೆ. ಬಂಡೆ ಒಡೆದು ಮಾಡಿದ ಕಿರುದಾರಿಯಲ್ಲಿ ಜನರನ್ನೂ ಅಕ್ಕಿ ಮೂಟೆಗಳನ್ನೂ ದಾಟಿಸುವ ದೋಣಿಗೆ ಮಾವನೇ ಚುಕ್ಕಾಣಿ, ಹಗ್ಗ ಹಿಡಿಯುವವನು ನಾನು.

ಆ ಶನಿವಾರ ಸಂಜೆ ಹಡಗು ಬಂದಾಗ ಅವನ ಹೆಂಡತಿ ಲೊಯಿಮಾತಾ ಅತ್ತೆ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಮುದುಡಿದ್ದಳು. ನರ್ಸಮ್ಮ ನೋಡಿ, "ಹೊಟ್ಟೆ ಕುಯ್ಯಲೇಬೇಕು, ಇಲ್ಲಾಗಲ್ಲ. ಹಡಗು ಹತ್ತಿಸಿಬಿಡಿ" ಎಂದಳು. ಅಷ್ಟರಲ್ಲಿ ಕತ್ತಲಾಗಿತ್ತು. ಕತ್ತಲಲ್ಲಿ ಆ ದಾರಿಗೆ ಯಾರೂ ಇಳಿಯುವುದಿಲ್ಲ.

ಭಾನುವಾರ ಸಮುದ್ರ ಎಣ್ಣೆ ಹುಯ್ದ ಹಾಗೆ ಮಲಗಿತ್ತು. ಭಾನುವಾರ ದೇವರ ದಿನ, ನಮ್ಮಲ್ಲಿ ಮೀನಿಗೂ ಹೋಗುವುದಿಲ್ಲ, ಎಂಜಿನ್ ಸದ್ದೂ ಇಲ್ಲ. ಸರಕು ಇಳಿಸಲು ಹಡಗಿನವರು ಸೋಮವಾರದವರೆಗೆ ಕಾಯುತ್ತಾರೆ. ಆದರೂ ಊರ ಹಿರಿಯರೇ ಬಂದು, "ಕಾಯಿಲೆಯವಳು ಕಣಯ್ಯಾ, ದೇವರು ಬೇಡ ಅಂತಾನಾ? ಹೊರಡು" ಅಂದರು.

ಮಾವ ಚರ್ಚಿನಲ್ಲಿ ಪ್ರಾರ್ಥನೆ ನಡೆಸುವವನು. "ಬೇರೆಯವರ ಹೆಂಡತಿಯಾಗಿದ್ರೆ ಹೊರಡ್ತಿದ್ದೆ. ನನ್ನವಳಿಗೋಸ್ಕರ ನಾನೇ ನೇಮ ಮುರಿದ್ರೆ ನಾಳೆ ಯಾರಿಗೆ ಏನು ಹೇಳಲಿ?"

ಆ ನೋವಿನಲ್ಲೂ ಅತ್ತೆ ಬಿಡಲಿಲ್ಲ. "ಮದುವೆಯಾದಾಗಿಂದ ಇದೇ ಗೋಳು. ನೀನು ಹೋಗಿ ಹಾಡು, ನಾನಿಲ್ಲಿ ನರಳ್ತೀನಿ. ನಾಳೆ ಮಾತ್ರ ನೆಪ ಹೇಳಬೇಡ."

ನಾನೇ ದೋಣಿ ತಳ್ಳಿಬಿಡಲೇ ಅನ್ನಿಸಿತು. ಆದರೆ ಸೋದರಮಾವನಿಗೆ ಎದುರಾಡುವ ರೂಢಿ ನಮ್ಮಲ್ಲಿಲ್ಲ.

ಸೋಮವಾರ ಬೆಳಗಾಗುವಾಗ ಪಡುವಣದಿಂದ ಅಲೆ ಎದ್ದಿತ್ತು. ದಾರಿಯ ಬಾಯಿ ಬರೀ ನೊರೆ. ಅತ್ತೆಯನ್ನು ದೋಣಿಯಲ್ಲಿ ಮಲಗಿಸಿ ನುಗ್ಗಿದೆವು, ನೀರು ನಮ್ಮನ್ನು ಎತ್ತಿ ಹಿಂದಕ್ಕೆಸೆಯಿತು. ಮತ್ತೆ ನುಗ್ಗಿದೆವು, ಮತ್ತೆ ಅದೇ. ಮಾವ ಇನ್ನೊಮ್ಮೆ ಎಂಜಿನ್ ಹಚ್ಚಿದಾಗ ಹಿರಿಯರು ದೋಣಿಯನ್ನೇ ಹಿಡಿದು ನಿಲ್ಲಿಸಿದರು. "ಸಾಕು ಮಾರಾಯ, ಅವಳನ್ನ ಮುಳುಗಿಸ್ತೀಯ." ಹಡಗು ಎಷ್ಟು ಹತ್ತಿರವಿತ್ತೆಂದರೆ ಅದರ ಮೇಲೆ ನಿಂತವರ ಅಂಗಿಯ ಬಣ್ಣ ಕಾಣುತ್ತಿತ್ತು. ಮಧ್ಯಾಹ್ನದವರೆಗೆ ಕಾದು, ಸರಕನ್ನೂ ಇಳಿಸಲಾಗದೆ, ಅದು ಹೊರಟುಹೋಯಿತು.

ಗುರುವಾರ ಅತ್ತೆ ತೀರಿಕೊಂಡಳು.

ಮೊನ್ನೆ ಮಾವ ನನ್ನ ಪಕ್ಕ ಬಂದು ಕುಳಿತ. ಮರಳು ಕೆದಕುತ್ತಾ ಕೇಳಿದ: "ಆ ಭಾನುವಾರವೂ ಅಲೆ ಇತ್ತು ಅಲ್ವೇನೋ? ನೀನು ನೋಡಿರ್ತೀಯ."

ಇತ್ತು ಎನ್ನುವುದು ಸುಳ್ಳು, ಇರಲಿಲ್ಲ ಎನ್ನಲು ಮನಸ್ಸು ಬರಲಿಲ್ಲ. "ಗೊತ್ತಿಲ್ಲ ಮಾವ, ಆವತ್ತು ನಾನು ಸಮುದ್ರದ ಕಡೆ ನೋಡಲೇ ಇಲ್ಲ" ಎಂದೆ.

ನಮ್ಮ ದ್ವೀಪದಲ್ಲಿ ಎಲ್ಲಿ ನಿಂತರೂ ಕಾಣುವುದು ಸಮುದ್ರವೇ. ಮಾವ ತಲೆಯಾಡಿಸಿ ಎದ್ದುಹೋದ.