ಸಾಣೆಕಲ್ಲಿನ ಮುಚ್ಚಳ

ಮುಚ್ಚಳವನ್ನು ಮೊದಲಿದ್ದಂತೆ ಬಿಗಿಯಬೇಕಿತ್ತು. ನಾನು ಬಿಗಿಯಲಿಲ್ಲ. ಬಿಗಿಯಲಿಲ್ಲವೆಂದು ಹನ್ನೊಂದು ವರ್ಷ ಹೇಳಲೂ ಇಲ್ಲ.

ರಾವಂದೂರಿನ ಹತ್ತಿರ ನಮ್ಮ ಮನೆ. ಕೊಟ್ಟಿಗೆಯ ಅರ್ಧವನ್ನು ಅಣ್ಣ ವರ್ಕ್‌ಶಾಪು ಮಾಡಿಕೊಂಡಿದ್ದ. ಹಳೇ ಲೇತೊಂದನ್ನು ಬಿಟ್ಟರೆ ಉಳಿದ ಮಿಷನ್ನೆಲ್ಲ ಅವನೇ ಗುಜರಿಯಿಂದ ಆಯ್ದು ಕೂಡಿಸಿದ್ದು. ಸಾಣೆಕಲ್ಲನ್ನು ತಿರುಗಿಸುತ್ತಿದ್ದುದು ಬಾವಿಯ ಪಂಪಿನ ಮೋಟಾರು. ಅದರ ವೇಗ ಕಲ್ಲಿಗೆ ಹೆಚ್ಚೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಬೋರ್‌ವೆಲ್ಲಿನ ದಪ್ಪ ಪೈಪು ಸೀಳಿ, ಕಲ್ಲಿಗೆ ಮುಚ್ಚಳ ಮಾಡಿ, ನಾಲ್ಕು ಬೋಲ್ಟು ಹಾಕಿದ್ದ.

"ಕಲ್ಲು ಸಿಡುದ್ರೂ ಇದು ತಡೀತದೆ ಕಣವ್ವ," ಅನ್ನುತ್ತಿದ್ದ.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಆಯುಧಪೂಜೆಗೆ ಮಿಷನ್ನು ತೊಳೆಯುವುದು ನನ್ನ ಪಾಲಿನ ಕೆಲಸ. ಆ ವರ್ಷ ಕಲ್ಲಿಗೇ ಕುಂಕುಮ ಇಡೋಣವೆಂದು ಮುಚ್ಚಳ ಬಿಚ್ಚಿದೆ. ತಿರುಗಿ ಹಾಕುವಾಗ ಮೂರು ಬೋಲ್ಟು ಕಾಣಲಿಲ್ಲ. ತೊಳೆದ ನೀರಿನ ಜೊತೆ ಚರಂಡಿಗೆ ಹೋಗಿದ್ದವೋ ಏನೋ. ಅಣ್ಣ ಬೈಯುತ್ತಾನೆಂದು ಒಂದರಲ್ಲೇ ನಿಲ್ಲಿಸಿ, ತೂತು ಕಾಣದಂತೆ ಚೆಂಡುಹೂವಿನ ಹಾರ ಸುತ್ತಿದೆ. ಪೂಜೆಯ ಹಾರವನ್ನು ಬಾಡುವ ತನಕ ನಮ್ಮಲ್ಲಿ ಯಾರೂ ಕೀಳುವುದಿಲ್ಲ. ಅಣ್ಣನೂ ಕೀಳಲಿಲ್ಲ.

ಮೂರನೆಯ ದಿನ ಯಾರದೋ ಮಚ್ಚು ಹಿಡಿದು ಸ್ವಿಚ್ಚು ಹಾಕಿದ. ಕಲ್ಲು ಸಿಡಿಯಿತು. ಒಂಟಿ ಬೋಲ್ಟಿನ ಮೇಲೆ ಮುಚ್ಚಳ ವಾಲಿ ತಿರುಗಿತು. ಅವನ ಬಲಗಣ್ಣು ಹೋಯಿತು.

"ಗುಜರಿ ಸಾಮಾನಲ್ಲಿ ಮಿಷನ್ ಮಾಡುದ್ರೆ ಇನ್ನೇನಾದದು?" ಅಂದರು ಊರಿನವರು.

ಇಲ್ಲದ ಬೋಲ್ಟುಗಳು ಕಲ್ಲಿನ ಏಟಿಗೆ ಕಿತ್ತುಹೋದವೆಂದುಕೊಂಡು ಅಣ್ಣನೂ ಅದನ್ನೇ ನಂಬಿದ. "ನಾನ್ ಮಾಡಿದ್ ಮುಚ್ಚಳಾನೇ ಸರಿ ಇರ್ಲಿಲ್ಲ ಕಣವ್ವ," ಅಂದ, ಊಟಕ್ಕೆ ಕೂತು. ನಾನು ಸಾರು ಬಡಿಸಿ ಒಳಗೆ ಹೋದೆ.

ಲೇತನ್ನು ಗುಜರಿಗೆ ಹಾಕಿದ. ಹೊಗೆಸೊಪ್ಪಿನ ಕೆಲಸಕ್ಕೆ ಹೋದ. ಆಮೇಲೆ ಮನೆಯ ಬಾಗಿಲಿನ ಚಿಲಕ ಸಡಿಲವಾದರೂ ಬೇರೆಯವರನ್ನು ಕರೆಸುತ್ತಿದ್ದ.

ನನ್ನನ್ನು ಹುಣಸೂರಿಗೆ ಕೊಟ್ಟರು. ಒಂದು ಗೌರಿಹಬ್ಬಕ್ಕೆ ಅಣ್ಣ ಅರಿಶಿನ ಕುಂಕುಮ, ಸೀರೆ ಹಿಡಿದು ಬಂದ. ನನ್ನ ಹೊಲಿಗೆ ಮಿಷನ್ನು ಕೆಟ್ಟು ನಿಂತಿತ್ತು. ಒಂಚೂರು ನೋಡಣ್ಣ ಅಂದೆ. ಅವನು ಬಗ್ಗಿದ, ಕೈ ನೀಡಿದ, ಮತ್ತೆ ಎಳೆದುಕೊಂಡ.

"ಬ್ಯಾಡ ಬುಡವ್ವ. ನನ್ ಕೈ ಸರಿಯಿಲ್ಲ. ಮುಟ್ಟುದ್ರೆ ಇನ್ನೂ ಕೆಡ್ತದೆ."

ಅವನು ನಗುತ್ತಲೇ ಅಂದ. ನಾನು ಅವನ ಕಾಲ ಹತ್ತಿರ ಕೂತೆ.

"ನಿನ್ ಕೈ ಸರಿಯಾಗೇ ಇತ್ತು ಕಣಣ್ಣ. ಬೋಲ್ಟು ಕಳುದೋಳು ನಾನು. ಕಾಣ್ದಂಗೆ ಹೂ ಸುತ್ತುದೋಳೂ ನಾನೇ. ನೀನು ನಿನ್ನೇ ಬೈಕೊತಿದ್ರೂ ಬಾಯ್ ಬುಡ್ನಿಲ್ಲ. ತಪ್ಪಾಯ್ತಣ್ಣ, ತಪ್ಪಾಯ್ತು."