ಗುರೆಳ್ಳು ಹಿಂಡಿಯ ಮೇಲೊಂದು ಅಪವಾದ

ಗುರೆಳ್ಳು ಹಿಂಡಿ, ಅಂದರೆ ನಮ್ಮ ಕಡೆಯ ಕಪ್ಪು ಚಟ್ನಿಪುಡಿ, ತಿಂದರೆ ಮಲ ಕಪ್ಪಾಗುತ್ತದೆಯೇ? (ಊಟ ಮಾಡುತ್ತ ಪೇಪರ್ ಓದುವವರು ಕ್ಷಮಿಸಬೇಕು.)

ಕಳೆದ ರವಿವಾರ ಕಲ್ಲೋಳಿಯಲ್ಲಿ ಇದೇ ವಿಷಯಕ್ಕೆ ನನಗೂ ಚಿಗವ್ವನಿಗೂ ಜಗಳ. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ನಾನು ಹೋದರೆ ಅವಳು ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳಬೇಕು. ಆವತ್ತು ಎರಡೇ ರೊಟ್ಟಿ ಬಡಿದು ಗೋಡೆಗೆ ಒರಗಿ ಕೂತಳು. ಮುಖ ಬಿಳಿಚಿತ್ತು.

"ಏನಾಗೈತಿ?"

"ಏನಿಲ್ಲೋ ತಮ್ಮಾ, ತಲಿ ಗರ್ ಅಂತೈತಿ. ನಿನ್ನೆಯಿಂದ ಹೊರಕಡಿ ಹ್ವಾದ್ರ ಡಾಂಬರದಂಗ ಕರ್ರಗ. ಹಿಂಡಿ ಭಾಳ ತಿಂದೆ, ಅದಕ್ಕ."

"ಹೊಟ್ಟಿ ಉರೀತೈತೇನು?"

"ಅದಕ್ಕ ಗುಳಿಗಿ ಐತಲ್ಲ! ಹೊಟ್ಟಿ ಕಾಯೂ ಗುಳಿಗಿ. ಉರಿದಾಗೊಂದು ನುಂಗತೇನಿ."

ಡಾಂಬರಿನಂಥ ಕಪ್ಪು ಎಂದರೆ ಒಳಗೆಲ್ಲೋ ರಕ್ತ ಸೋರುತ್ತಿರಬಹುದು ಎಂದು ಓದಿದ ನೆನಪು. ಓದಿದ್ದೆನೇ? ಯಾರಾದರೂ ಹೇಳಿದ್ದರೇ? ಕಬ್ಬಿಣದ ಗುಳಿಗೆಯಿಂದಲೂ ಕಪ್ಪಾಗುತ್ತದಲ್ಲವೇ? ಎಲ್ಲವನ್ನೂ ಅನುಮಾನಿಸು ಎಂದು ಯೂನಿವರ್ಸಿಟಿಯಲ್ಲಿ ಕಲಿತೆ. ಈಗ ಮೊದಲ ಅನುಮಾನ ನನ್ನ ನೆನಪಿನ ಮೇಲೆಯೇ. ಅದನ್ನು ಬದಿಗಿಟ್ಟು ಚಿಗವ್ವನನ್ನೇ ಕೇಳಿದೆ.

"ಹಿಂಡಿ ಯಾವಾಗ ತಿಂದಿದ್ದಿ?"

"ಡಬ್ಬಿ ಖಾಲಿ ಆಗಿ ವಾರ ಆತು."

"ಮತ್ತ ನಿನ್ನೆ ಯಾವ ಹಿಂಡಿ?"

"ನೀ ವಕೀಲ ಆಗಬೇಕಿತ್ತು ನೋಡು!"

"ಗೋಕಾಕಕ್ಕ ನಡಿ. ಈಗಲೇ."

"ನೀ ಇನ್ನೂ ಉಂಡಿಲ್ಲ!"

(ಅವಳ ರಕ್ತ ಹೋದರೂ ಪರವಾಗಿಲ್ಲ, ಅಕ್ಕನ ಮಗ ಹಸಿದು ಹೋಗಬಾರದು.)

ಗೋಕಾಕದ ಡಾಕ್ಟರ್ ಕೇಳಿದರು: "ಅವ್ವಾರ, ಬ್ಯಾರೆ ಏನರ ಗುಳಿಗಿ ತಗೋತೀರೇನ್ರಿ?"

"ಏನೂ ಇಲ್ರಿ."

ನನಗೆ ಅವಳ ಎಲಿ-ಅಡಕಿ ಚೀಲದಲ್ಲಿ ಇನ್ನೊಂದು ಗುಳಿಗೆ ಪಟ್ಟಿ ಕಂಡ ನೆನಪು. ಖಾತ್ರಿಯಿಲ್ಲ. ಆದರೂ ಬಾಯಿಬಿಟ್ಟೆ. "ಮತ್ತ ಚೀಲದಾಗಿಂದು, ಮೊಣಕಾಲ ನೋವಿನ ಗುಳಿಗಿ?"

"ಅದು ಕಾಲಿಂದು ಅಲ್ಲೇನೋ! ಇವರು ಹೊಟ್ಟಿ ಡಾಕ್ಟರು."

ನನಗೆ ನಗು ಬಂತು. ಡಾಕ್ಟರ್ ನಗಲಿಲ್ಲ, ಪರೀಕ್ಷೆ ಮಾಡಿಸಿದರು. ಚೀಟಿಯಿಲ್ಲದೆ ಅಂಗಡಿಯಿಂದ ತಂದು ದಿನಾ ನುಂಗಿದ ಆ ನೋವಿನ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಿತ್ತು, ಹುಣ್ಣಿನಿಂದ ರಕ್ತ ಸೋರುತ್ತಿತ್ತು. ತಕ್ಷಣ ಅಡ್ಮಿಟ್.

"ಹೊಟ್ಟಿ ಗುಳಿಗಿ ಐತಿ ಅಂತ ನೋವಿನ ಗುಳಿಗಿ ಬೇಕಾದಂಗ ನುಂಗಬಾರದ್ರಿ," ಎಂದರು ಡಾಕ್ಟರ್. ಅವಳ ಆ ಹೊಟ್ಟೆ ಗುಳಿಗೆಯನ್ನು ಉರಿದಾಗ ಅಲ್ಲ, ಬೆಳಿಗ್ಗೆ ತಿಂಡಿಗೆ ಅರ್ಧ ತಾಸು ಮೊದಲು ನುಂಗಬೇಕಂತೆ. ಅದನ್ನೂ ಎಷ್ಟು ದಿನ ಎಂದು ಡಾಕ್ಟರನ್ನು ಕೇಳಿಕೊಂಡೇ ನುಂಗಬೇಕು. ವರ್ಷಗಟ್ಟಲೆ ತಾವಾಗಿಯೇ ನುಂಗುತ್ತ ಹೋಗುವಂತಿಲ್ಲ.

ಈಗ ರಕ್ತ ನಿಂತಿದೆ. ಚಿಗವ್ವನ ಮುಖಕ್ಕೆ ಕಳೆ ಬಂದಿದೆ. ಆಸ್ಪತ್ರೆಯಲ್ಲಿ ಬಾಜೂ ಕಾಟಿನಾಕೆಗೆ ನನ್ನನ್ನು ತೋರಿಸಿ, "ಇವನಿಗೆ ಏನೂ ನೆನಪಿರೂದಿಲ್ರಿ, ಆದ್ರ ಬಿಡೂದೂ ಇಲ್ಲ," ಎನ್ನುತ್ತಾಳೆ. ಇದು ಹೊಗಳಿಕೆಯೋ ಬೈಗುಳವೋ, ಕೇಳಲಿಲ್ಲ. ಅವಳ ದನಿ ಜೋರಾಗಿತ್ತು, ನನಗೆ ಅಷ್ಟು ಸಾಕು.

ಒಂದೇ ಪ್ರಶ್ನೆ ಉಳಿದಿದೆ: ಮೊಣಕಾಲಿಗೆಂದು ನುಂಗಿದ ಗುಳಿಗೆ ಹೊಟ್ಟೆಯನ್ನು ದಾಟದೆ ಮೊಣಕಾಲಿಗೆ ಹೋಗುವ ದಾರಿ ಯಾವುದು?