ಸಮರ್ಜಿಚ್ ಮನೆಯ ಕಂಬದ ದೇವರು

ಲ್ಯಾರಿ ಸಾಮರ್ ನಮ್ಮ ಆಫೀಸಿನ ಹಳೆಯ ನಕ್ಷೆಗಳ ಕೋಣೆ ಕಾಯುತ್ತಿದ್ದ. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ತೈಲ ಕಂಪನಿಗಳ ಪ್ರದೇಶದಲ್ಲಿ ಎಲ್ಲರೂ ಕಂಪ್ಯೂಟರಿಗೆ ಶಿಫ್ಟ್ ಆಗಿದ್ದರೂ, ನೆಲದೊಳಗಿನ ಹಳೇ ಪೈಪುಗಳ ಜಾತಕ ಮಾತ್ರ ಅವನ ಕಪಾಟಿನಲ್ಲೇ ಇತ್ತು. ಹೆಸರು ಬರೆದು ಸಹಿ ಹಾಕದೆ ಒಂದು ಹಾಳೆ ಮುಟ್ಟಲೂ ಬಿಡುತ್ತಿರಲಿಲ್ಲ. ವಯಸ್ಸು ಅರವತ್ನಾಲ್ಕು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇಷ್ಟೆಲ್ಲ ನನಗೆ ತಿಳಿದದ್ದು ಆಮೇಲೆ. ನಮ್ಮ ಮೊದಲ ಮಾತು ಮಾತ್ರ ಜಗಳದಿಂದಲೇ ಶುರುವಾಗಿತ್ತು.

ನಾನು ಬರೆದ ಹೆಸರನ್ನು ಅವನು ಬೆರಳಿಟ್ಟು ಓದಿದ. "ಜೀನಗಾರ. ಹಾಗೆಂದರೇನು?"

ನನಗೆ ಮೈಯೆಲ್ಲ ಉರಿಯಿತು. ಹುಬ್ಬಳ್ಳಿಯಲ್ಲಿ ಅಡ್ಡಹೆಸರು ಕೇಳಿದವರು ಯಾರೂ ಬರೀ ಅಡ್ಡಹೆಸರು ಕೇಳಿದ್ದಿಲ್ಲ. ಕೇಳಿ, ಒಂದು ಗಳಿಗೆ ಸುಮ್ಮನಿದ್ದು, ನನ್ನನ್ನು ಯಾವ ಮಣೆಯ ಮೇಲೆ ಕೂರಿಸಬೇಕು ಎಂದು ಲೆಕ್ಕ ಹಾಕಿದವರೇ ಹೆಚ್ಚು. ಏಳು ಸಮುದ್ರ ದಾಟಿದರೂ ಈ ಪೀಡೆ ತಪ್ಪಲಿಲ್ಲವಲ್ಲ ಎಂದುಕೊಂಡು, "ಕುದುರೆಗೆ ಜೀನು ಹೊಲಿಯುವವರು. ನಮ್ಮ ಮುತ್ತಜ್ಜನ ಕಾಲಕ್ಕೇ ಬಿಟ್ಟೆವು. ನಕ್ಷೆ ಕೊಡುತ್ತೀಯಾ?" ಎಂದೆ.

ಅವನು ಕುರ್ಚಿ ಬಿಟ್ಟು ಎದ್ದು ನಿಂತ. ಗೋಡೆಯ ಮೇಲಿದ್ದ ತನ್ನ ಹೆಸರಿನ ಪಟ್ಟಿ ತೋರಿಸಿ, ಅದು ಅರ್ಧ ಹೆಸರು ಎಂದ. ಪೂರ್ತಿ ಹೆಸರು ಸಮರ್ಜಿಚ್. ಅವನ ಅಜ್ಜ ಯೋವಾನ್ ಸೆರ್ಬಿಯನ್ ಜನಾಂಗದವನು. 1906ರಲ್ಲಿ ಹಡಗಿನಿಂದ ಗ್ಯಾಲ್ವೆಸ್ಟನ್ನಿನಲ್ಲಿ ಇಳಿದು ಹತ್ತಿಯ ಮೂಟೆ ಹೊತ್ತ. ಅಷ್ಟುದ್ದ ಬರೆಯುವ ಪುರುಸೊತ್ತು ಬಂದರಿನ ಮೇಸ್ತ್ರಿಗೆ ಇರಲಿಲ್ಲ, ಸಾಮರ್ ಎಂದು ಮೊಟಕು ಮಾಡಿದ. ಸಮರ್ ಎಂದರೆ ತುರ್ಕರ ಕಡೆಯಿಂದ ಬಂದ ಮಾತು, ಕತ್ತೆ ಕುದುರೆಗಳ ಬೆನ್ನಿಗೆ ಹೇರು ಹೊರಿಸುವ ಜೀನು. ಅದನ್ನು ಮಾಡುವವನ ಮಕ್ಕಳು ಸಮರ್ಜಿಚ್.

"ನೀನೂ ನಾನೂ ಒಂದೇ ಕಸುಬಿನವರು," ಎಂದ ಲ್ಯಾರಿ. ಅವನ ಮುಖದಲ್ಲಿ ಯಾವ ಲೆಕ್ಕಾಚಾರವೂ ಇರಲಿಲ್ಲ. ಬರೀ ಖುಷಿಯಿತ್ತು. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಆಮೇಲೆ ಅವನು ಭಾನುವಾರಗಳಂದು ನಮ್ಮ ಮನೆಗೆ ಬರತೊಡಗಿದ. ನನ್ನ ಜೊತೆಗಿದ್ದ ಅವ್ವ, ಶಾಂತವ್ವ, ಅವನಿಗೆ ಖಡಕ್ ರೊಟ್ಟಿ ಮುರಿದು ತಿನ್ನುವುದನ್ನು ಕಲಿಸಿದಳು. ಅವನು ಅಜ್ಜನ ಕಾಗದಗಳನ್ನು ಕೂಡಿಟ್ಟಿದ್ದ ಫೈಲು ಬಿಚ್ಚುತ್ತಿದ್ದ. ಅಜ್ಜ ಯಾವ ಊರಿನವನು ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಊರೂ ಅಲ್ಲ. ತಾನು ಸತ್ತರೆ ಈ ಹೆಸರು ಮುಗಿಯಿತು, ಭೂಮಿಯ ಮೇಲೆ ನನ್ನವರು ಎನ್ನುವ ಒಂದು ಜೀವ ಇದೆಯೋ ಇಲ್ಲವೋ ತಿಳಿಯಬೇಕು, ಅಷ್ಟೇ. ಆಸ್ಟಿನ್ನಿನ ಟೆಲಿಫೋನ್ ಡೈರೆಕ್ಟರಿಯಲ್ಲಿ ಗೋರ್ದಾನಾ ಸಮರ್ಜಿಚ್ ಎಂಬ ಹೆಸರು ಸಿಕ್ಕಿತ್ತು. ಬೋಸ್ನಿಯಾದ ಯುದ್ಧದಲ್ಲಿ ಎಲ್ಲ ಕಳೆದುಕೊಂಡು ಬಂದ ಹೆಂಗಸು. ಫೋನ್ ಮಾಡಿದರೆ, "ಅದು ಕಸುಬಿನ ಹೆಸರು, ನಮ್ಮ ಕಡೆ ಊರೂರಿಗೂ ಇದ್ದಾರೆ," ಎಂದು ಹೇಳಿ ಇಟ್ಟುಬಿಟ್ಟಿದ್ದಳು.

ಇದನ್ನೆಲ್ಲ ನಾನು ಕನ್ನಡದಲ್ಲಿ ಹೇಳಿದಾಗ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಅಡ್ಡಹೆಸರು ತಗೊಂಡು ಏನ್ ಮಾಡ್ತಾನ? ಜೀನಗಾರ್ರು ಹುಬ್ಳ್ಯಾಗೂ ಅದಾರ, ಸೊಲ್ಲಾಪುರದಾಗೂ ಅದಾರ. ಎಲ್ಲಾರೂ ನಮ್ಮ ಅಣ್ಣತಮ್ಮರೇನು? ಮನಿದೇವ್ರು ಯಾವ್ದು ಕೇಳು ಅವಂಗ."

"ಅವ್ವಾ, ಅವರು ಕ್ರಿಶ್ಚಿಯನ್ನರು. ಅವರಿಗೆಲ್ಲಿಯ ಮನೆದೇವರು?"

"ಮನಿ ಅಂದಮ್ಯಾಲ ಮನಿಗೊಂದು ದೇವ್ರು ಇರ್ತಾನ. ನೀ ಕೇಳು ಮೊದ್ಲ."

ಅಡ್ಡಿ ಮಾಡಿದರೆ ಊಟ ಸಿಗುವುದಿಲ್ಲ, ಕೇಳಿದೆ. ಲ್ಯಾರಿ ಇಲ್ಲವೆಂದು ತಲೆಯಾಡಿಸಿದ. ಅಪ್ಪ ಸಂತರನ್ನು ಪೂಜಿಸದ ಬ್ಯಾಪ್ಟಿಸ್ಟ್ ಪಂಥದ ಹುಡುಗಿಯನ್ನು ಮದುವೆಯಾಗಿ ಅಜ್ಜನ ಹಳೇ ಚರ್ಚನ್ನು ಬಿಟ್ಟಿದ್ದ. ಆದರೆ ಚಮಚ ಕೆಳಗಿಟ್ಟು ತುಸು ಹೊತ್ತು ಯೋಚಿಸಿ, ತಾನು ಸಣ್ಣವನಿದ್ದಾಗ ಚಳಿಗಾಲದಲ್ಲಿ ಒಂದು ದಿನ ಅಜ್ಜಿ ದೊಡ್ಡ ದುಂಡು ರೊಟ್ಟಿ ಬೇಯಿಸಿ, ಒಂದು ಪಟದ ಮುಂದೆ ಮೇಣದ ಬತ್ತಿ ಹಚ್ಚುತ್ತಿದ್ದಳು ಎಂದ. ಪಟ ಗ್ಯಾರೇಜಿನ ಡಬ್ಬಿಯಲ್ಲಿದೆ, ಅದರಲ್ಲಿ ಚಿಮಣಿಯೊಳಗೆ ಸಿಕ್ಕಿಕೊಂಡ ಒಬ್ಬ ಗಡ್ಡದ ಮುದುಕ ಇದ್ದಾನೆ.

ಮರುವಾರ ಪಟ ತಂದ. ಅದು ಚಿಮಣಿಯಲ್ಲ, ಕಂಬ. ಕಂಬದ ತುದಿಯಲ್ಲಿ ಮುದುಕ ಕೈಯೆತ್ತಿ ನಿಂತಿದ್ದ. ಅವ್ವ ಸೆರಗಿನಿಂದ ಧೂಳು ಒರೆಸಿ, ಪಟವನ್ನು ನೆಲಕ್ಕಿಡಗೊಡದೆ ಮೇಜಿನ ಮೇಲೆ ಒರಗಿಸಿಟ್ಟಳು. ಅದರ ಫೋಟೋ ತೆಗೆದು ಗೋರ್ದಾನಾಗೆ ಕಳಿಸಿದೆವು. ಹತ್ತು ದಿನಕ್ಕೆ ಫೋನ್ ಬಂತು, ಬನ್ನಿ ಎಂದಳು.

ಹ್ಯೂಸ್ಟನ್ನಿನಿಂದ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿಗೆ, ಅವಳ ಮನೆಗೆ, ಮೂರು ತಾಸು. ಅವ್ವನೂ ಜೊತೆಗೆ ಬಂದಳು. ಲ್ಯಾರಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಪಟವನ್ನು ತೊಡೆಯ ಮೇಲಿಟ್ಟುಕೊಂಡು ಮದುಮಗನ ಹಾಗೆ ಕೂತಿದ್ದ. ಗೋರ್ದಾನಾ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಪಟ ನೋಡಿ ಎದೆಯ ಮೇಲೆ ಶಿಲುಬೆ ಗೀಚಿಕೊಂಡಳು.

"ಇವರು ಸಂತ ಅಲಿಂಪಿಯೆ. ವರ್ಷಗಟ್ಟಲೆ ಕಂಬದ ಮೇಲೆ ನಿಂತೇ ತಪಸ್ಸು ಮಾಡಿದವರು. ಡಿಸೆಂಬರ್ ಒಂಬತ್ತು ಇವರ ದಿನ. ಇದು ನಿಮ್ಮ ಮನೆಯ ಸ್ಲಾವಾ," ಎಂದಳು. ಸ್ಲಾವಾ ಎಂದರೆ ಮನೆತನದ ಸಂತನ ಹಬ್ಬ, ಅಪ್ಪನಿಂದ ಮಗನಿಗೆ ಬರುವುದು. ಊರು ಬಿಟ್ಟು ಓಡಿದವರು ಹೆಸರು ಬದಲಿಸಿಕೊಂಡರು, ಆದರೆ ಸಂತನನ್ನು ಮಾತ್ರ ಬಿಡಲಿಲ್ಲ. ರಕ್ತಸಂಬಂಧ ಹುಡುಕುವವರು ಹೆಸರಿಗಿಂತ ಮೊದಲು ಅದನ್ನೇ ಕೇಳುತ್ತಾರೆ. ಇದನ್ನು ಕನ್ನಡದಲ್ಲಿ ಹೇಳುತ್ತಲೇ ಅವ್ವ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಈಗಲೂ ಸಹಿಸಿಕೊಳ್ಳುತ್ತಿದ್ದೇನೆ.

"ನಿಮ್ಮದು?" ಎಂದು ಕೇಳಿದ ಲ್ಯಾರಿ.

"ನನ್ನ ಗಂಡನ ಮನೆಯದು ಸಂತ ಜಾರ್ಜ್. ಮೇ ಆರು." ಆಕೆ ಪಟವನ್ನು ಹಿಂದಿರುಗಿಸಿದಳು. "ನಾವು ಬೇರೆ ಬೇರೆ ಮನೆಯವರು. ಅವತ್ತು ಫೋನ್ ಇಟ್ಟಿದ್ದಕ್ಕೆ ಕ್ಷಮಿಸಿ. ನಮ್ಮೂರಲ್ಲಿ ಕೊನೆಯ ಸಲ ಹೆಸರು ಕೇಳಿಕೊಂಡು ಬಾಗಿಲು ಬಡಿದವರು ಮನೆಯ ಗಂಡಸರನ್ನು ಕರೆದುಕೊಂಡು ಹೋದರು. ಅಂದಿನಿಂದ ಯಾರೇ ಹೆಸರು ಕೇಳಿದರೂ ನನಗೆ ಹೆದರಿಕೆ."

ವಾಪಸ್ ಬರುವ ದಾರಿಯಲ್ಲಿ ಲ್ಯಾರಿ ಪಟವನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತ. ಅವನ ಆಸೆ ಕುದುರಿಸಿದವರು ನಾವೇ.

ಆದರೆ ಆಮೇಲೆ ಗೋರ್ದಾನಾಗೆ ಅವನು ಆಗಾಗ ಫೋನ್ ಮಾಡಿ ರೊಟ್ಟಿ ಹೇಗೆ, ಬತ್ತಿ ಎಷ್ಟುದ್ದ ಎಂದೆಲ್ಲ ವಿಚಾರಿಸುತ್ತಿದ್ದನಂತೆ. ನವೆಂಬರ್ ಕೊನೆಗೆ ನಕ್ಷೆಗಳ ಕೋಣೆಯಲ್ಲಿ, "ಒಂಬತ್ತನೇ ತಾರೀಕು ಸ್ಲಾವಾ ಮಾಡುತ್ತಿದ್ದೇನೆ, ಮಧ್ಯಾಹ್ನಕ್ಕೆ," ಎಂದ. ಅಷ್ಟೇ ಎಂದ. ಬಾ ಎನ್ನಲಿಲ್ಲ. ನಾನು ಕಾದೆ, ಮರುದಿನವೂ ಕಾದೆ.

"ಬರ್ರಿ ಅಂದನೋ ಇಲ್ಲೋ?" ಎಂದು ಅವ್ವ ಕೇಳಿದಳು.

"ಇಲ್ಲ."

"ಹಂಗಾರ ಹೋಗೂದು ಬ್ಯಾಡ. ಮನಿಗೆ ಬಂದು ಕುಂಕುಮ ಹಚ್ಚಿ ಕರೀಲಿಕ್ಕೆ ಅವ್ರಿಗೆ ಗೊತ್ತಿಲ್ಲ, ಬಿಡು. ಬಾಯಿಲೇ ಒಂದ್ ಮಾತು ಅನ್ನಾಕೂ ಆಗ್ಲಿಲ್ಲೇನು? ಅಷ್ಟು ರೊಟ್ಟಿ ತಿಂದಾನ."

ನನಗೂ ಸಿಟ್ಟು ನೆತ್ತಿಗೇರಿತ್ತು. ಅವನ ದೇವರನ್ನು ಹುಡುಕಿಕೊಟ್ಟಿದ್ದು ನಮ್ಮವ್ವ, ಹಬ್ಬಕ್ಕೆ ಬೇರೆ ಯಾರೋ. ಎರಡು ಸಾವಿರದ ಇಸವಿಯ ಆ ಡಿಸೆಂಬರ್ ಒಂಬತ್ತು ಶನಿವಾರ. ನಾನು ಕಾರು ತೊಳೆಯುತ್ತ ಹೊರಗಿದ್ದೆ. ಮೂರು ಗಂಟೆಗೆ ಫೋನ್ ರಿಂಗಾಯಿತು. ಗೋರ್ದಾನಾ.

"ನಾನು ಲ್ಯಾರಿಯ ಮನೆಯಲ್ಲಿದ್ದೇನೆ. ನೀವೇಕೆ ಬಂದಿಲ್ಲ? ಹನ್ನೆರಡು ತಟ್ಟೆ ಇಟ್ಟುಕೊಂಡು ಬೆಳಿಗ್ಗೆಯಿಂದ ಬಾಗಿಲು ತೆರೆದು ಕೂತಿದ್ದಾನೆ. ನಾನಲ್ಲದೆ ಒಬ್ಬರೂ ಬಂದಿಲ್ಲ."

"ನಮ್ಮನ್ನು ಕರೆದಿಲ್ಲ," ಎಂದೆ, ಬಿಗಿಯಾಗಿಯೇ.

"ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ. ಅದು ನಿಯಮ. ದಿನ ತಿಳಿದವರು ಬರುತ್ತಾರೆ, ಬಂದವರನ್ನು ಕೂರಿಸುತ್ತೇವೆ. ನಾನೇ ಅವನಿಗೆ ಹೇಳಿದ್ದೆ, ಯಾರಿಗೂ ಬನ್ನಿ ಅನ್ನಬೇಡ ಎಂದು. ನಿಮಗೆ ಹೇಳಬೇಕೆಂದು ಹೊಳೆಯಲಿಲ್ಲ."

ಅವ್ವ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. ಒದ್ದೆ ಕಾರಿನಲ್ಲೇ ಹೊರಟೆವು. ನಡುದಾರಿಯಲ್ಲಿ ಅವಳ ಕಣ್ಣಲ್ಲಿ ನೀರು ಬಂತು.

ಬಾಗಿಲು ತೆರೆದೇ ಇತ್ತು. ಕಂಬದ ದೇವರು ಗೋಡೆ ಏರಿದ್ದ. ಮೇಜಿನ ಮೇಲೆ ದುಂಡು ರೊಟ್ಟಿ, ಪಕ್ಕದಲ್ಲಿ ಬೇಯಿಸಿ ಸಕ್ಕರೆ ಬೆರೆಸಿದ ಗೋಧಿ. "ನಮ್ಮ ಹುಗ್ಗಿ ಹಂಗೇ ಐತಿ," ಎಂದು ಅವ್ವ ಯಾರೂ ಬಡಿಸುವ ಮೊದಲೇ ಒಂದು ಚಮಚ ಬಾಯಿಗಿಟ್ಟಳು. ಲ್ಯಾರಿ ನಮ್ಮ ಕೈ ಹಿಡಿದುಕೊಂಡ. ಯಾಕೆ ತಡ ಎಂದು ಕೇಳಲೇ ಇಲ್ಲ.

ಬತ್ತಿಯ ಮುಂದೆ ಮನೆಯ ಸತ್ತವರ ಹೆಸರು ಓದಬೇಕಿತ್ತು. ಅವನ ಚೀಟಿಯಲ್ಲಿ ಐದೇ ಹೆಸರಿದ್ದವು. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಹೆಂಡತಿ. ಅದಕ್ಕೂ ಹಿಂದಿನವರು ಗೊತ್ತಿಲ್ಲ ಎಂದು ಅವನು ತಲೆತಗ್ಗಿಸಿದ. ಗೋರ್ದಾನಾ ಚೀಟಿ ತೆಗೆದುಕೊಂಡು ನೋಡಿದಳು. ನನ್ನ ಜೇಬಿನ ಪೆನ್ನು ಕೇಳಿ ಪಡೆದಳು. ಕೆಳಗೆ ಮೂರು ಹೆಸರು ಬರೆದಳು.

"ನನ್ನ ಮಾವ, ಗಂಡ, ಮೈದುನ. ಎಂಟು ವರ್ಷದಿಂದ ಇವರ ಹೆಸರನ್ನು ಯಾರೂ ಓದಿಲ್ಲ. ಮೇ ತಿಂಗಳಲ್ಲಿ ನಾನು ಬಾಗಿಲು ಹಾಕಿಕೊಂಡು ಕೂತುಬಿಡುತ್ತೇನೆ. ನಿನ್ನವರ ಜೊತೆಗೆ ಓದುತ್ತೀಯಾ?"

ಲ್ಯಾರಿ ಓದಿದ. ಎಂಟೂ ಹೆಸರಿನ ಮುಂದೆ ಸಮರ್ಜಿಚ್ ಎಂದು ಪೂರ್ತಿ ಓದಿದ. ಆ ಮನೆಯವರು ಯಾರು, ಈ ಮನೆಯವರು ಯಾರು ಎಂದು ಹೊರಗಿನಿಂದ ಕೇಳಿದವರಿಗೆ ತಿಳಿಯುವಂತಿರಲಿಲ್ಲ. ಗೋರ್ದಾನಾ ನಿಂತಲ್ಲೇ ಅತ್ತಳು.

ಊಟ ಮುಗಿಸಿ ಏಳುವಾಗ ಲ್ಯಾರಿ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದ. ಮುಂದಿನ ವರ್ಷ ಮೇ ಆರು ಯಾವ ವಾರ ಎಂದು ಯಾರನ್ನೂ ನೋಡದೆ ಕೇಳಿದ.

"ಭಾನುವಾರ," ಎಂದಳು ಗೋರ್ದಾನಾ, ತಟ್ಟೆಗಳನ್ನು ಜೋಡಿಸುತ್ತ. ಬನ್ನಿ ಎನ್ನಲಿಲ್ಲ.

ಅವ್ವ ನನ್ನ ತೋಳು ಜಗ್ಗಿ ಮೆಲ್ಲಗೆ ಕೇಳಿದಳು. "ಅಕೀ ಊರು ಮುಟ್ಟಾಕ ಮೂರು ತಾಸು ಅಲ್ಲೇನು? ಎಷ್ಟಕ್ಕ ಹೊಂಡಬೇಕಾಗ್ತದಪಾ?"